ಶ್ರುತಿ ಸರಿಮಾಡಿದ ಹಾಡು ಯಾಕಿಷ್ಟು ಭಾರ?

ನಾಲ್ಕು ನಿಮಿಷದ ಹಾಡೊಂದು ಕೇಳುಗರ ಫೋನಿಗೆ ಬಂದಿಳಿಯುವ ಹೊತ್ತಿಗೆ ಅದರ ತೂಕ ಹತ್ತು ಎಂಬಿ ದಾಟುವುದಿಲ್ಲ. 320 ಕೆಬಿಪಿಎಸ್‌ನ ಒಳ್ಳೆಯ ಎಂಪಿ3 ಆದರೂ 9.6 ಎಂಬಿ, ಅಷ್ಟೇ. ಅದೇ ಹಾಡು ತಯಾರಾದ ಕಂಪ್ಯೂಟರಿನಲ್ಲಿ ಅದರ ಫೋಲ್ಡರು ಮೂರು ನಾಲ್ಕು ಜಿಬಿ ಹಿಡಿದು ಕೂತಿರುವುದು ಅಪರೂಪವಲ್ಲ. ಧ್ವನಿಮುದ್ರಣದ ಕೆಲಸ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹತ್ತಾರು ವಾದ್ಯ, ಹತ್ತಾರು ಟೇಕು, ಎಲ್ಲವೂ ಕುಗ್ಗಿಸದ ವೇವ್ ಫೈಲುಗಳು. ಅವರನ್ನೂ ಗೊಂದಲಕ್ಕೆ ಕೆಡವುವ ಸಂಗತಿ ಬೇರೆ ಇದೆ. ಗಾಯಕರ ದನಿಯ ಶ್ರುತಿ ತಿದ್ದಲು ಒಂದು ಪ್ಲಗಿನ್ ಹಾಕಿದ ಮೇಲೆ, ಅಲ್ಲಿಯವರೆಗೆ ಕೆಲವು ನೂರು ಕೆಬಿ ಇದ್ದ ಪ್ರಾಜೆಕ್ಟ್ ಫೈಲು ಇದ್ದಕ್ಕಿದ್ದಂತೆ ಹತ್ತಾರು ಎಂಬಿಗೆ ಉಬ್ಬಿಕೊಳ್ಳುತ್ತದೆ. ಸೇವ್ ಒತ್ತಿದರೆ ಪರದೆ ಒಂದೆರಡು ಗಳಿಗೆ ಸ್ತಬ್ಧ. ಆಟೋಸೇವ್ ಬಂದಾಗಲೆಲ್ಲ ಹಾಡು ತೊದಲುತ್ತದೆ. ಹೊಸ ಹಾರ್ಡ್ ಡಿಸ್ಕ್ ತಂದರೂ, ರ್‍ಯಾಮ್ ಹೆಚ್ಚಿಸಿದರೂ ಈ ಕಾಟ ಪೂರ್ತಿ ಹೋಗುವುದಿಲ್ಲ. ಯಾಕೆಂದರೆ ಈ ಭಾರಕ್ಕೆ ಶ್ರುತಿ ತಿದ್ದುವ ತಂತ್ರಜ್ಞಾನ ಕಾರಣವಾಗುವುದು ಸ್ವಲ್ಪ ಮಟ್ಟಿಗೆ ಮಾತ್ರ. ತಿದ್ದಿದ್ದನ್ನು ತಿದ್ದಾಯಿತು ಎಂದು ಮುಗಿಸದೆ, ಕೊನೆಯ ದಿನದವರೆಗೂ ಬದಲಾಯಿಸಲು ಬರುವ ಹಾಗೆ ತೆರೆದಿಟ್ಟುಕೊಳ್ಳುವ ನಮ್ಮ ಅಭ್ಯಾಸವೇ ಹೆಚ್ಚಿನ ಕಾರಣ ಎನ್ನುವುದು ನನ್ನ ವಾದ.

ಮೊದಲು ಲೆಕ್ಕ ನೋಡೋಣ. ಇಂದು ಬಹುತೇಕ ಸ್ಟುಡಿಯೋಗಳು ದನಿಯನ್ನು 48 ಕಿಲೋಹರ್ಟ್ಜ್, 24 ಬಿಟ್‌ನಲ್ಲಿ ಮುದ್ರಿಸುತ್ತವೆ. ಅಂದರೆ ಪ್ರತಿ ಸೆಕೆಂಡಿಗೆ 48,000 ಅಳತೆ, ಪ್ರತಿ ಅಳತೆಗೆ 3 ಬೈಟ್. ಮೋನೋ ಟ್ರ್ಯಾಕಿಗೆ ಸೆಕೆಂಡಿಗೆ 1,44,000 ಬೈಟ್, ನಿಮಿಷಕ್ಕೆ 8.64 ಎಂಬಿ, ನಾಲ್ಕು ನಿಮಿಷದ ಹಾಡಿಗೆ 34.56 ಎಂಬಿ. ಗಾಯಕಿ ಗಂಟಲು ಬಿಚ್ಚಿ ಹಾಡಿದರೂ ಅಷ್ಟೇ, ಮಧ್ಯಂತರ ಸಂಗೀತ ಮುಗಿಯಲೆಂದು ಮೈಕಿನ ಮುಂದೆ ಸುಮ್ಮನೆ ನಿಂತರೂ ಅಷ್ಟೇ. ವೇವ್ ಫೈಲಿನಲ್ಲಿ ಮೌನಕ್ಕೆ ರಿಯಾಯಿತಿ ಇಲ್ಲ. ಇದು ಧ್ವನಿಯ ಮಾತಾಯಿತು. ಪ್ರಾಜೆಕ್ಟ್ ಫೈಲು ಎನ್ನುವುದು ಇದರಿಂದ ಬೇರೆ. ಅದರಲ್ಲಿ ಧ್ವನಿ ಇರುವುದಿಲ್ಲ, ಧ್ವನಿಯ ಜಮಾಖರ್ಚು ಮಾತ್ರ ಇರುತ್ತದೆ: ಯಾವ ಫೈಲಿನ ಎಷ್ಟನೇ ಸೆಕೆಂಡಿನಿಂದ ಎಷ್ಟನೇ ಸೆಕೆಂಡಿನವರೆಗೆ ಯಾವ ಟ್ರ್ಯಾಕಿನಲ್ಲಿ ಬರಬೇಕು, ಎಷ್ಟು ಜೋರಾಗಿ, ಯಾವ ಪ್ಲಗಿನ್ ಮೂಲಕ ಇತ್ಯಾದಿ. ವಿನ್‌ಆಂಪ್ ಬರೆದು ಹೆಸರಾದ ಜಸ್ಟಿನ್ ಫ್ರಾಂಕೆಲ್ ಆಮೇಲೆ ರೂಪಿಸಿದ ರೀಪರ್ ತಂತ್ರಾಂಶದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಅದರ ಪ್ರಾಜೆಕ್ಟ್ ಫೈಲು ಸಾದಾ ಪಠ್ಯ, ನೋಟ್‌ಪ್ಯಾಡಿನಲ್ಲೂ ತೆರೆದುಕೊಳ್ಳುತ್ತದೆ. ಮೇಲಿಂದ ಇಳಿಯುತ್ತ ಹೋದರೆ ಟ್ರ್ಯಾಕಿನ ಹೆಸರು, ವಾಲ್ಯೂಮು, ಫೈಲಿನ ವಿಳಾಸ ಎಲ್ಲ ಓದಲು ಬರುವಂತೆ ಸಾಲುಸಾಲಾಗಿ ಸಿಗುತ್ತವೆ. ಪ್ಲಗಿನ್ ಬಂದ ಕಡೆ ಮಾತ್ರ ಅರ್ಥವಾಗದ ಅಕ್ಷರಗಳ ಗೋಡೆ ಎದುರಾಗುತ್ತದೆ. ಪ್ಲಗಿನ್ ತನ್ನ ಒಳಗಿನ ಸ್ಥಿತಿಯನ್ನು ತಂತ್ರಾಂಶದ ಕೈಗೆ ಕೊಟ್ಟದ್ದು ಅದು. ಬೇಸ್64 ಎಂಬ ಕ್ರಮದಲ್ಲಿ ಮೂರು ಬೈಟನ್ನು ನಾಲ್ಕು ಅಕ್ಷರ ಮಾಡಿ ಬರೆದಿಟ್ಟಿರುವುದರಿಂದ ಇದ್ದ ತೂಕ ಇನ್ನೂ ಮೂರನೇ ಒಂದು ಪಾಲು ಹೆಚ್ಚಿರುತ್ತದೆ. ಒಂದು ಸಾಧಾರಣ ಈಕ್ವಲೈಜರಿಗೆ ಇಂಥ ಕೆಲವು ಸಾಲು ಸಾಕು. ಶ್ರುತಿ ತಿದ್ದುವ ಪ್ಲಗಿನ್ನಿಗೆ ಆ ಗೋಡೆ ಮುಗಿಯುವುದೇ ಇಲ್ಲವೇನೋ ಅನ್ನಿಸುತ್ತದೆ.

ಶ್ರುತಿ ತಿದ್ದುವ ತಂತ್ರಾಂಶಗಳೆಲ್ಲ ಒಂದೇ ಬಗೆಯವಲ್ಲ. ಮೊದಲು ಹೆಸರು ಮಾಡಿದ್ದು ಆಟೋ-ಟ್ಯೂನ್. ತೈಲ ಶೋಧನೆಗಾಗಿ ಭೂಮಿಯೊಳಗೆ ಕಳಿಸಿದ ಕಂಪನಗಳನ್ನು ಅಳೆದು ಅರ್ಥಮಾಡಿಕೊಳ್ಳುವ ಕ್ಷೇತ್ರದಲ್ಲಿದ್ದ ಆಂಡಿ ಹಿಲ್ಡೆಬ್ರಾಂಡ್, ಅದೇ ಬಗೆಯ ಗಣಿತವನ್ನು ಮನುಷ್ಯರ ದನಿಗೆ ಹಚ್ಚಿ 1997ರಲ್ಲಿ ಅದನ್ನು ಹೊರತಂದರು. ಮರುವರ್ಷ ಶೇರ್ ಹಾಡಿದ ‘ಬಿಲೀವ್’ನಲ್ಲಿ ಅದರ ಯಂತ್ರದನಿಯನ್ನು ಜಗತ್ತೆಲ್ಲ ಕೇಳಿತು. ಅದರ ಸ್ವಯಂಚಾಲಿತ ವಿಧಾನದಲ್ಲಿ ದನಿ ಹರಿದು ಬರುತ್ತಿರುವಾಗಲೇ ಹತ್ತಿರದ ಸ್ವರಕ್ಕೆ ಎಳೆದು ಕೂರಿಸುತ್ತದೆ, ಮುಂದಕ್ಕೆ ಬಿಡುತ್ತದೆ. ಯಾವುದನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಯಾವ ಶ್ರುತಿ, ಯಾವ ಸ್ವರಗಳು, ಎಷ್ಟು ವೇಗವಾಗಿ ಎಳೆಯಬೇಕು ಎಂಬ ಕೆಲವೇ ಅಂಕಿ ಉಳಿದರೆ ಸಾಕು, ಹಾಗಾಗಿ ಪ್ರಾಜೆಕ್ಟ್ ಫೈಲಿಗೆ ಅದರಿಂದ ಹೇಳಿಕೊಳ್ಳುವಷ್ಟು ಹೊರೆಯಿಲ್ಲ. ಎರಡನೆಯದು ಸ್ವರಸ್ವರವಾಗಿ ಕೈಯಿಂದ ತಿದ್ದುವ ವಿಧಾನ. ಜರ್ಮನಿಯ ಮ್ಯೂನಿಕ್ಕಿನ ಸೆಲೆಮೋನಿ ಕಂಪನಿಯ ಪೀಟರ್ ನಾಯ್ಬೆಕರ್ 2001ರಲ್ಲಿ ತೋರಿಸಿದ ಮೆಲೋಡೈನ್ ಇದಕ್ಕೆ ಮಾದರಿ. ಇದು ಮೊದಲು ದನಿಯನ್ನೆಲ್ಲ ಕೇಳಿ, ವಿಶ್ಲೇಷಿಸಿ, ಒಂದೊಂದು ಸ್ವರವನ್ನೂ ಒಂದೊಂದು ಉಂಡೆಯ ಆಕಾರದಲ್ಲಿ ಪರದೆಯ ಮೇಲೆ ಹರಡುತ್ತದೆ. ಬೇಕಾದ್ದನ್ನು ಹಿಡಿದು ಮೇಲೆ ಕೆಳಗೆ ಸರಿಸಬಹುದು. ಸ್ಟೈನ್‌ಬರ್ಗ್‌ನ ಕ್ಯೂಬೇಸ್‌ನಲ್ಲಿ ಬರುವ ವೇರಿಆಡಿಯೋ, ಆಪಲ್‌ನ ಲಾಜಿಕ್‌ನಲ್ಲಿರುವ ಫ್ಲೆಕ್ಸ್ ಪಿಚ್ ಕೂಡ ಇದೇ ದಾರಿಯವು. ಕೆಲಸ ಸೂಕ್ಷ್ಮ, ಫಲಿತಾಂಶ ಸಹಜ. ಆದರೆ ಇದಕ್ಕೆ ಎಲ್ಲವನ್ನೂ ನೆನಪಿಟ್ಟುಕೊಳ್ಳಲೇಬೇಕು.

ಹಾಗಾದರೆ ಭಾರವೆಲ್ಲ ಆ ನೆನಪಿನದೇ? ಸ್ವರದ ಏರಿಳಿತವನ್ನಷ್ಟೇ ಬರೆದಿಡಲು ಎಷ್ಟು ಜಾಗ ಬೇಕಾದೀತು ನೋಡಿ. ಪ್ರತಿ 5 ಮಿಲಿಸೆಕೆಂಡಿಗೊಮ್ಮೆ ದನಿಯ ಸ್ಥಾಯಿ ಅಳೆದು ನಾಲ್ಕು ಬೈಟಿನಲ್ಲಿ ಗುರುತಿಸಿಟ್ಟರೆ ಸೆಕೆಂಡಿಗೆ 200 ಅಳತೆ, ನಾಲ್ಕು ನಿಮಿಷಕ್ಕೆ 48,000 ಅಳತೆ, ಒಟ್ಟು 192 ಕೆಬಿ. ಮೂಲ ಧ್ವನಿಯ 34.56 ಎಂಬಿ ಎದುರು ಇದು ನೂರ ಎಂಬತ್ತರಲ್ಲಿ ಒಂದು ಪಾಲು ಮಾತ್ರ. ನಿಜವಾದ ವಿಶ್ಲೇಷಣೆಯಲ್ಲಿ ಇನ್ನೂ ಎಷ್ಟೋ ವಿವರ ಸೇರುತ್ತದೆ ನಿಜ: ಸ್ವರ ಎಲ್ಲಿ ಶುರು, ಎಲ್ಲಿ ಮುಗಿಯಿತು, ‘ಸ’ಕಾರ ‘ಶ’ಕಾರದಂಥ ಸ್ಥಾಯಿಯಿಲ್ಲದ ಸದ್ದು ಯಾವುದು, ಉಸಿರು ಯಾವುದು. ಹತ್ತು ಪಟ್ಟು ಅಂದುಕೊಂಡರೂ ಎರಡು ಎಂಬಿ ಆಸುಪಾಸು. ಒಂದು ಹಾಡಿನ ಒಂದು ದನಿಗೆ ಇದು ದೊಡ್ಡ ಹೊರೆ ಅಲ್ಲವೇ ಅಲ್ಲ. ಆದ್ದರಿಂದ ಪ್ರಾಜೆಕ್ಟ್ ಉಬ್ಬಿದ್ದರೆ ಅದಕ್ಕೆ ಕಾರಣ ಒಂದು ವಿಶ್ಲೇಷಣೆಯಲ್ಲ. ಅದೇ ವಿಶ್ಲೇಷಣೆ ಎಷ್ಟು ಸಲ, ಎಷ್ಟು ಟೇಕಿಗೆ, ಎಷ್ಟು ಪ್ರತಿಯಲ್ಲಿ ಕೂತಿದೆ ಎಂಬುದನ್ನೇ ಹುಡುಕಬೇಕು.

ಹಳೆಯ ಕ್ರಮದಲ್ಲಿ ಪ್ರತಿಗಳು ಕಣ್ಣಿಗೆ ಕಾಣುತ್ತಿದ್ದವು. ಮೆಲೋಡೈನ್ ಪ್ಲಗಿನ್ ಹಾಕಿ ಹಾಡನ್ನು ಒಮ್ಮೆ ಪೂರ್ತಿ ನುಡಿಸಬೇಕಿತ್ತು. ಆಗ ಪ್ಲಗಿನ್ ತಾನು ಕೇಳಿದ್ದನ್ನೆಲ್ಲ ಇನ್ನೊಂದು ಫೋಲ್ಡರಿನಲ್ಲಿ ಮತ್ತೊಮ್ಮೆ ಮುದ್ರಿಸಿಕೊಳ್ಳುತ್ತಿತ್ತು. 34.56 ಎಂಬಿಯ ದನಿಗೆ ಇನ್ನೊಂದು ಅಷ್ಟೇ ಗಾತ್ರದ ಜೋಡಿ. ಎಷ್ಟೋ ಸಲ ಆ ಫೋಲ್ಡರು ಪ್ರಾಜೆಕ್ಟಿನ ಹೊರಗೇ ಇರುತ್ತಿತ್ತು, ಹಾಗಾಗಿ ಪ್ರಾಜೆಕ್ಟನ್ನು ಬೇರೆ ಕಂಪ್ಯೂಟರಿಗೆ ಒಯ್ದಾಗ ತಿದ್ದಿದ ಸ್ವರಗಳೆಲ್ಲ ಮಾಯ. ಈ ತೊಂದರೆಗೆಂದೇ ಸೆಲೆಮೋನಿ ಮತ್ತು ಪ್ರಿಸೋನಸ್ ಸೇರಿ 2011ರಲ್ಲಿ ಎಆರ್‌ಎ ಎಂಬ ವ್ಯವಸ್ಥೆ ತಂದವು. ಪ್ಲಗಿನ್ ಹಾಡು ನುಡಿಯುವವರೆಗೆ ಕಾಯದೆ ಡಿಸ್ಕಿನಲ್ಲಿರುವ ಮೂಲ ಫೈಲನ್ನೇ ನೇರವಾಗಿ ಓದುತ್ತದೆ. ಎರಡನೇ ಪ್ರತಿ ಬೇಡ. ಮೊದಲು ಪ್ರಿಸೋನಸ್‌ನ ಸ್ಟುಡಿಯೋ ಒನ್ ತಂತ್ರಾಂಶದಲ್ಲಿ ಬಂದದ್ದು ಮುಂದೆ ಲಾಜಿಕ್, ಕ್ಯೂಬೇಸ್, ರೀಪರ್‌ಗಳಿಗೂ, 2022ರಲ್ಲಿ ಪ್ರೊ ಟೂಲ್ಸ್‌ಗೂ ಬಂತು. ಇದು ದೊಡ್ಡ ಸುಧಾರಣೆ, ಸಂಶಯವಿಲ್ಲ. ಆದರೆ ಪ್ರತಿ ಮುದ್ರಣದ ಹೊರೆ ಇಳಿದ ಕಡೆ ಇನ್ನೊಂದು ಹೊರೆ ಹತ್ತಿಕೊಂಡಿತು. ವಿಶ್ಲೇಷಣೆಯೂ ತಿದ್ದುಪಡಿಯೂ ಈಗ ಪ್ರಾಜೆಕ್ಟ್ ಫೈಲಿನ ಒಳಗೇ ಕೂರತೊಡಗಿದವು. ಧ್ವನಿಯ ಫೈಲು ಒಮ್ಮೆ ಬರೆದರೆ ಮುಗಿಯಿತು, ಯಾರೂ ಅದನ್ನು ಮತ್ತೆ ಮುಟ್ಟುವುದಿಲ್ಲ. ಪ್ರಾಜೆಕ್ಟ್ ಫೈಲು ಹಾಗಲ್ಲ. ಒಂದು ಟ್ರ್ಯಾಕಿನ ವಾಲ್ಯೂಮು ಅರ್ಧ ಡೆಸಿಬಲ್ ಇಳಿಸಿ ಸೇವ್ ಮಾಡಿದರೂ ಇಡೀ ಫೈಲು ಮೊದಲಿನಿಂದ ಬರೆಯಲ್ಪಡುತ್ತದೆ, ಅದರೊಳಗಿನ ಶ್ರುತಿಯ ಸರಂಜಾಮೂ ಸೇರಿ.

ಇಲ್ಲಿಂದ ಗುಣಾಕಾರ ಶುರು. ಪ್ರಾಜೆಕ್ಟ್ ಫೈಲು 60 ಎಂಬಿ ಆಗಿದೆ, ಆಟೋಸೇವ್ ಐದು ನಿಮಿಷಕ್ಕೊಮ್ಮೆ ಹೊಸ ಹೆಸರಿನಲ್ಲಿ ಪ್ರತಿ ಇಡುತ್ತದೆ ಎಂದುಕೊಳ್ಳಿ. ಮೂರು ಗಂಟೆ ಕೂತು ಕೆಲಸ ಮಾಡಿದರೆ 36 ಪ್ರತಿ, 2.16 ಜಿಬಿ. ಅಷ್ಟು ಹೊತ್ತಿನಲ್ಲಿ ಹಾಡಿಗೆ ಒಂದೇ ಒಂದು ಸೆಕೆಂಡಿನ ಹೊಸ ಧ್ವನಿಯೂ ಸೇರಿರಲಿಕ್ಕಿಲ್ಲ. ಅನ್‌ಡೂ ಇತಿಹಾಸದ್ದೂ ಇದೇ ಕತೆ: ಹಿಂದಿನ ಹೆಜ್ಜೆಗೆ ಮರಳಬೇಕಾದರೆ ಆ ಹೆಜ್ಜೆಯ ಸ್ಥಿತಿ ಎಲ್ಲಾದರೂ ಉಳಿದಿರಬೇಕು. ರೀಪರ್‌ನಲ್ಲಿ ಅನ್‌ಡೂ ಇತಿಹಾಸವನ್ನು ಪ್ರಾಜೆಕ್ಟಿನ ಜೊತೆಗೇ ಡಿಸ್ಕಿಗೆ ಉಳಿಸುವ ಆಯ್ಕೆಯೂ ಇದೆ. ಶ್ರುತಿ ತಿದ್ದುವ ದಿನಗಳಲ್ಲಿ ಅದನ್ನು ಆರಿಸಿಟ್ಟಿದ್ದರೆ ಭಾರ ಎಲ್ಲಿಂದ ಬಂತೆಂದು ಬೇರೆ ಹುಡುಕಬೇಕಿಲ್ಲ. ಆಟೋಸೇವ್ ಬೇಡ ಎಂದು ನಾನು ಹೇಳುವುದಿಲ್ಲ, ಕರೆಂಟು ಯಾವಾಗ ಹೋಗುತ್ತದೆಂದು ಯಾರಿಗೂ ಗೊತ್ತಿಲ್ಲ. ಎಷ್ಟು ಪ್ರತಿ ಉಳಿಯಬೇಕೆಂದು ಮಿತಿ ಹಾಕುವುದು ಸಾಕು. ಕ್ಯೂಬೇಸ್‌ನಂಥ ತಂತ್ರಾಂಶಗಳಲ್ಲಿ ಆ ಮಿತಿ ನಿಗದಿ ಮಾಡುವ ಜಾಗವೇ ಇದೆ. ಇದು ಮೇಲ್ಮೇಲಿನ ಚಿಕಿತ್ಸೆ, ಒಪ್ಪುತ್ತೇನೆ. ರೋಗ ಇನ್ನೂ ಒಳಗಿದೆ.

ಒಳಗಿನದು ಕೆಲಸದ ಕ್ರಮಕ್ಕೆ ಸಂಬಂಧಿಸಿದ್ದು. ಗಾಯಕರು ಪಲ್ಲವಿ, ಚರಣಗಳನ್ನು ಎಂಟು ಸಲ ಹಾಡಿದ್ದಾರೆ. ಈ ಎಂಟರಲ್ಲಿ ಯಾವ ಸಾಲು ಯಾವ ಟೇಕಿನದು ಎಂದು ಆರಿಸಿ ಒಂದು ದನಿ ಕಟ್ಟುವುದು ಮೊದಲ ಕೆಲಸ, ಶ್ರುತಿ ತಿದ್ದುವುದು ಆಮೇಲಿನದು. ಆದರೆ ಎಷ್ಟೋ ಕಡೆ ಪ್ಲಗಿನ್ ಟ್ರ್ಯಾಕಿನ ಮೇಲೆ ಮೊದಲೇ ಬಂದು ಕೂರುತ್ತದೆ. ಎಂಟು ಟೇಕಿನ 276 ಎಂಬಿ ಧ್ವನಿಯೂ ವಿಶ್ಲೇಷಣೆಗೆ ಒಳಗಾಗುತ್ತದೆ, ಏಳು ಪಾಲು ಕೊನೆಗೆ ಯಾರೂ ಕೇಳದ ಧ್ವನಿ ಎಂದು ಗೊತ್ತಿದ್ದರೂ. ಇನ್ನೂ ನವಿರಾದ ಒಂದು ಬಲೆ ಇದೆ. ಟೇಕಿನಿಂದ ಹತ್ತು ಸೆಕೆಂಡಿನ ಒಂದು ಸಾಲನ್ನಷ್ಟೇ ಕತ್ತರಿಸಿ ಇಟ್ಟುಕೊಂಡರೆ ಕಣ್ಣಿಗೆ ಕಾಣುವುದು ಆ ತುಂಡು ಮಾತ್ರ. ಆದರೆ ಆ ತುಂಡಿನ ಹಿಂದೆ ಡಿಸ್ಕಿನಲ್ಲಿರುವುದು ನಾಲ್ಕು ನಿಮಿಷದ ಪೂರ್ತಿ ಫೈಲು. ಎಆರ್‌ಎ ಕ್ರಮದಲ್ಲಿ ಪ್ಲಗಿನ್ನಿಗೆ ಒದಗುವುದು ಆ ಮೂಲ ಫೈಲು. ಸಾಮಾನ್ಯವಾಗಿ ಅದು ಪೂರ್ತಿ ಫೈಲನ್ನೇ ಓದಿ ವಿಶ್ಲೇಷಿಸುತ್ತದೆ, ನೀವು ಉಳಿಸಿಕೊಂಡ ಹತ್ತು ಸೆಕೆಂಡನ್ನಷ್ಟೇ ಅಲ್ಲ. ಇದಕ್ಕೆ ಪರಿಹಾರ ಸರಳ. ಆರಿಸಿದ ತುಂಡುಗಳನ್ನು ಒಟ್ಟುಗೂಡಿಸಿ ಹೊಸ ಫೈಲಾಗಿ ಮಾಡಿಕೊಳ್ಳಿ. ರೀಪರ್‌ನಲ್ಲಿ ಇದಕ್ಕೆ ಗ್ಲೂ ಎನ್ನುತ್ತಾರೆ, ಬೇರೆ ಕಡೆ ಬೌನ್ಸ್ ಅಥವಾ ಕನ್ಸಾಲಿಡೇಟ್. ಹತ್ತು ಸೆಕೆಂಡಿನ ಹೊಸ ಫೈಲು 1.44 ಎಂಬಿ ಮಾತ್ರ. ಆಮೇಲೆ ಅದರ ಮೇಲೆ ಶ್ರುತಿಯ ಪ್ಲಗಿನ್ ಹಾಕಿ. ಫೈಲು ಒಂದು ಹೆಚ್ಚಾಯಿತೆಂದು ಅನ್ನಿಸಬಹುದು. ಹೆಚ್ಚಿದ್ದು ಒಂದೂವರೆ ಎಂಬಿ, ಉಳಿದದ್ದು ನಾಲ್ಕು ನಿಮಿಷದ ವಿಶ್ಲೇಷಣೆ ಮತ್ತು ಅದರ ಒಂದೊಂದು ಆಟೋಸೇವ್ ಪ್ರತಿ.

ವಿಶ್ಲೇಷಣೆಯ ಬಗೆಯೂ ಮುಖ್ಯ. ಸೆಲೆಮೋನಿ 2008ರಲ್ಲಿ ಘೋಷಿಸಿ ಮರುವರ್ಷ ಮೆಲೋಡೈನ್‌ನಲ್ಲಿ ಹೊರತಂದ ಹೊಸ ತಂತ್ರದಿಂದ ಗಿಟಾರಿನ ಒಂದು ಮೇಳಸ್ವರದೊಳಗಿನ ಬಿಡಿ ಸ್ವರವನ್ನೂ ಬೇರ್ಪಡಿಸಿ ಸರಿಸಬಹುದಾಯಿತು. ಬೆರಗಿನ ಸಾಧನೆ ಅದು. ಹಲವು ಸ್ವರಗಳನ್ನು ಒಟ್ಟಿಗೆ ಬಿಡಿಸುವ ಕೆಲಸ ಒಂಟಿ ದನಿಯ ಕೆಲಸಕ್ಕಿಂತ ಬಹಳ ಭಾರದ್ದು, ಅದರ ಫಲವೂ ಅಷ್ಟೇ ಭಾರ. ಒಬ್ಬರೇ ಹಾಡಿದ ದನಿಗೆ ಇದರ ಅಗತ್ಯ ಸುತರಾಂ ಇಲ್ಲ. ಆದರೆ ನಮ್ಮ ಕಡೆಯ ಧ್ವನಿಮುದ್ರಣದಲ್ಲಿ ಇದು ಗೊತ್ತಿಲ್ಲದೆಯೇ ನುಸುಳಬಹುದು. ಗಾಯಕರ ಪಕ್ಕದಲ್ಲೇ ತಂಬೂರಿಯೋ ಶ್ರುತಿಪೆಟ್ಟಿಗೆಯೋ ಮೊಳಗುತ್ತಿದ್ದು ಅದೇ ಮೈಕಿಗೆ ಬಿದ್ದಿದ್ದರೆ, ಧ್ವನಿಯಲ್ಲಿ ಹಲವು ಸ್ವರ ಒಟ್ಟಿಗಿವೆ ಎಂದು ತಂತ್ರಾಂಶ ಭಾವಿಸುವ ಸಾಧ್ಯತೆಯಿದೆ. ಆಗ ಹಾಡಿದ್ದು ಯಾವುದು, ಮೊಳಗಿದ್ದು ಯಾವುದು ಎಂಬ ವಿಂಗಡಣೆಯೂ ಕೆಡುತ್ತದೆ. ಶ್ರುತಿಯನ್ನು ಹೆಡ್‌ಫೋನಿನಲ್ಲೇ ಕೊಡುವುದು, ವಿಶ್ಲೇಷಣೆಯ ಬಗೆಯನ್ನು ಒಂಟಿ ದನಿಯದೆಂದು ಕೈಯಾರೆ ಆರಿಸುವುದು, ಈ ಎರಡರಲ್ಲೇ ಬಹಳಷ್ಟು ತಾಪತ್ರಯ ಕಳೆಯುತ್ತದೆ.

ಶ್ರುತಿಯ ಮಾತು ಬಂದಾಗ ಗಾತ್ರದ ಲೆಕ್ಕವನ್ನು ಸಂಗೀತದ ಲೆಕ್ಕದಿಂದ ಬೇರೆ ಮಾಡಿ ನೋಡಲಾಗದು. ಈ ಸಾಧನಗಳ ಹುಟ್ಟು ಹನ್ನೆರಡು ಸಮಾನ ಮೆಟ್ಟಿಲುಗಳ ಪಾಶ್ಚಾತ್ಯ ಸಪ್ತಕದ ನೆರಳಿನಲ್ಲಿ ಆಯಿತು. ಒಂದು ಮೆಟ್ಟಿಲಿಗೆ 100 ಸೆಂಟ್, ಸ್ಥಾಯಿಗೆ 1200. 440 ಹರ್ಟ್ಜ್‌ನ ಸ್ವರ 20 ಸೆಂಟ್ ಏರಿದರೆ ಸುಮಾರು 445 ಹರ್ಟ್ಜ್ ಆಗುತ್ತದೆ. ನೆಟ್ಟಗೆ ನಿಂತ ಸ್ವರದಲ್ಲಿ ಇಷ್ಟು ವ್ಯತ್ಯಾಸ ಒಳ್ಳೆಯ ಕಿವಿಗೆ ಚುಚ್ಚುತ್ತದೆ. ಆದರೆ ನಮ್ಮ ಹಾಡುಗಾರಿಕೆಯಲ್ಲಿ ಸ್ವರ ನೆಟ್ಟಗೆ ನಿಲ್ಲುವುದೇ ಕಡಿಮೆ. ತೋಡಿ ರಾಗದ ಗಾಂಧಾರ ಪರದೆಯ ಮೇಲೆ ಒಂದು ಸ್ವರದ ಉಂಡೆಯಾಗಿ ಕಾಣುವುದಿಲ್ಲ, ಎರಡು ಮೂರು ಮೆಟ್ಟಿಲುಗಳ ನಡುವೆ ತೂಗಾಡುವ ಗೆರೆಯಾಗಿ ಕಾಣುತ್ತದೆ. ಸುಗಮ ಸಂಗೀತದ ಸಾಲುಗಳಲ್ಲೂ ಪದದ ಕೊನೆಯ ಅಕ್ಷರ ಜಾರಿ ಇಳಿಯುವುದು ಭಾವದ ಭಾಗ. ತಂತ್ರಾಂಶಕ್ಕೆ ಇದು ತಪ್ಪೋ ಗಮಕವೋ ತಿಳಿಯದು, ಎಲ್ಲವನ್ನೂ ಒಟ್ಟಿಗೆ ಹಿಡಿದು ಸರಿಮಾಡು ಎಂದು ಹೇಳಿದರೆ ಅದು ಗಮಕವನ್ನೇ ಚಪ್ಪಟೆ ಮಾಡುತ್ತದೆ. ನಿಜವಾಗಿ ತಿದ್ದಬೇಕಾದ ಸ್ಥಳಗಳು ಬೇರೆ: ಸಾಲಿನ ಕೊನೆಯಲ್ಲಿ ದೀರ್ಘವಾಗಿ ನಿಂತ ಷಡ್ಜ, ಪಂಚಮ, ತಾರಸ್ಥಾಯಿಗೆ ಹಾರಿ ಮುಟ್ಟುವಲ್ಲಿ ಕೊಂಚ ಕೆಳಗುಳಿದ ಸ್ವರ, ಉಸಿರು ಮುಗಿಯುತ್ತ ಬಂದು ಸೊರಗಿದ ಕಡೆ. ನಾಲ್ಕು ನಿಮಿಷದ ಹಾಡಿನಲ್ಲಿ ಇಂಥವು ಕೆಲವೇ ಸಾಲು ಇರುತ್ತವೆ. ಆ ಸಾಲುಗಳನ್ನಷ್ಟೇ ಹೊಸ ಫೈಲು ಮಾಡಿ ತಿದ್ದಿದರೆ ಗಮಕವೂ ಉಳಿಯಿತು, ಪ್ರಾಜೆಕ್ಟೂ ಹಗುರವಾಯಿತು. ಸಂಗೀತದ ವಿವೇಕ ಮತ್ತು ಡಿಸ್ಕಿನ ವಿವೇಕ ಇಷ್ಟು ಸಲೀಸಾಗಿ ಒಂದೇ ಕಡೆ ಬೆರಳು ತೋರುವುದು ಈ ಕಸುಬಿನಲ್ಲಿ ಅಪರೂಪ, ಬಳಸಿಕೊಳ್ಳದಿದ್ದರೆ ನಷ್ಟ ನಮ್ಮದೇ.

ತಿದ್ದಿ ಮುಗಿದ ಮೇಲೆ ಮಾಡಬೇಕಾದ ಕೆಲಸವೇ ನನ್ನ ವಾದದ ತಿರುಳು: ಪ್ಲಗಿನ್ ಮೂಲಕ ಹಾಯ್ದು ಬಂದ ದನಿಯನ್ನು ಹೊಸ ವೇವ್ ಫೈಲಾಗಿ ಬರೆದುಕೊಂಡು ಪ್ಲಗಿನ್ನನ್ನು ಆ ಪ್ರಾಜೆಕ್ಟಿನಿಂದ ಕಳಚಿಬಿಡುವುದು. ಕೆಲವರು ಟ್ರ್ಯಾಕನ್ನು ತಾತ್ಕಾಲಿಕವಾಗಿ ಧ್ವನಿ ಫೈಲಾಗಿ ಬರೆದಿಡುವ ಫ್ರೀಜ್ ಒತ್ತಿ ಇಷ್ಟೇ ಸಾಕು ಎನ್ನುತ್ತಾರೆ. ಫ್ರೀಜ್‌ನಿಂದ ಸಿಪಿಯು ನಿರಾಳವಾಗುತ್ತದೆ ಹೊರತು ಪ್ರಾಜೆಕ್ಟ್ ಫೈಲು ಇಳಿಯುವುದಿಲ್ಲ, ಯಾಕೆಂದರೆ ಮತ್ತೆ ಕರಗಿಸಬೇಕಾದೀತೆಂದು ಪ್ಲಗಿನ್ನಿನ ಸ್ಥಿತಿಯೆಲ್ಲ ಹಾಗೇ ಉಳಿದಿರುತ್ತದೆ. ಮೇಲೆ ಫ್ರೀಜಿನ ಧ್ವನಿ ಫೈಲು ಬೇರೆ. ಹೊಸ ಫೈಲಾಗಿ ಬರೆಯುವಾಗ ಗಮನಿಸಬೇಕಾದ್ದು ಇನ್ನೊಂದಿದೆ. ದನಿಯ ಟ್ರ್ಯಾಕು ಮೋನೋ ಆಗಿದ್ದರೂ ತಂತ್ರಾಂಶ ಸ್ಟೀರಿಯೋ ಫೈಲು ಬರೆದುಕೊಡುವುದುಂಟು. ಎಡಬಲ ಎರಡರಲ್ಲೂ ಒಂದೇ ಧ್ವನಿ, ಗಾತ್ರ ಮಾತ್ರ 34.56ರ ಬದಲು 69.12 ಎಂಬಿ. ಹತ್ತು ದನಿಯ ಕೋರಸ್ಸಿದ್ದರೆ ಸ್ಟೀರಿಯೋ ಎಂಬ ಒಂದು ಟಿಕ್ ಗುರುತಿನಿಂದ 345 ಎಂಬಿ ವ್ಯರ್ಥ. 96 ಕಿಲೋಹರ್ಟ್ಜ್‌ನಲ್ಲಿ ಮುದ್ರಿಸಿದರೆ ಶ್ರುತಿ ಹೆಚ್ಚು ನಿಖರವಾಗುತ್ತದೆ ಎಂಬ ನಂಬಿಕೆಯೂ ಇದೆ. ಹಾಡುವ ದನಿಯ ಮೂಲಸ್ವರ ಸಾವಿರದ ಆಸುಪಾಸಿನ ಹರ್ಟ್ಜ್ ಮೀರುವುದು ಅಪರೂಪ, 48 ಕಿಲೋಹರ್ಟ್ಜ್ ಮುದ್ರಣ 24,000 ಹರ್ಟ್ಜ್‌ವರೆಗೆ ಹಿಡಿಯುತ್ತದೆ; ಗಾತ್ರ ಎರಡು ಪಟ್ಟಾಗುವುದಷ್ಟೇ ಖಚಿತ ಲಾಭ.

ಈಗ ಆಕ್ಷೇಪಗಳು. ಡಿಸ್ಕ್ ಇಷ್ಟು ಅಗ್ಗವಾಗಿರುವಾಗ ಈ ಜಿಪುಣತನ ಯಾಕೆ ಎಂದು ಕೇಳುವವರಿದ್ದಾರೆ. ಡಿಸ್ಕು ಅಗ್ಗ ಹೌದು, ಸಮಯ ಅಗ್ಗವಲ್ಲ. ಮೈಸೂರಿನಲ್ಲಿ ಹಾಡಿದ ದನಿ ಬೆಂಗಳೂರಿನಲ್ಲೋ ಚೆನ್ನೈನಲ್ಲೋ ಮಿಕ್ಸ್ ಆಗುವ ಕಾಲ ಇದು. 4 ಜಿಬಿಯ ಪ್ರಾಜೆಕ್ಟನ್ನು ಸೆಕೆಂಡಿಗೆ 10 ಮೆಗಾಬಿಟ್ ವೇಗದ ಅಪ್‌ಲೋಡಿನಲ್ಲಿ ಕಳಿಸಲು, ಒಮ್ಮೆಯೂ ತಡೆಯಾಗದಿದ್ದರೆ, 53 ನಿಮಿಷ ಬೇಕು. 150 ಎಂಬಿಗೆ ಎರಡೇ ನಿಮಿಷ. ಅದಕ್ಕಿಂತ ಮುಖ್ಯವಾದ್ದು ಪ್ರಾಜೆಕ್ಟ್ ಫೈಲಿನ ಗಾತ್ರ ಡಿಸ್ಕಿನ ಪ್ರಶ್ನೆಯಲ್ಲ ಎಂಬುದು. ಅದು ಪ್ರತಿ ಸೇವ್‌ನಲ್ಲಿ, ಪ್ರತಿ ಸಲ ತೆರೆಯುವಾಗ ಕಾಯಿಸುವ ಗಾತ್ರ. ಕಾಯುವುದು ಬೇಸರವಾಗಿ ಆಟೋಸೇವನ್ನೇ ನಿಲ್ಲಿಸಿಬಿಡುವವರು ಕೊನೆಗೆ ದೊಡ್ಡ ದಂಡ ತೆರುತ್ತಾರೆ.

ಎರಡನೇ ಆಕ್ಷೇಪ ಗಟ್ಟಿಯಾದದ್ದು. ಸಂಗೀತ ನಿರ್ದೇಶಕರು ನಾಳೆ ಬಂದು, ಆ ಸಾಲಿನ ನಿಷಾದ ಸ್ವಲ್ಪ ಇಳಿಯಲಿ ಎಂದರೆ? ಪ್ಲಗಿನ್ ಕಳಚಿದ್ದರೆ ಮತ್ತೆ ಮೊದಲಿನಿಂದ ಮಾಡಬೇಕಲ್ಲವೇ? ಇದಕ್ಕಾಗಿಯೇ ಕಳಚುವ ಮೊದಲು ಪ್ರಾಜೆಕ್ಟನ್ನು ಬೇರೆ ಹೆಸರಿನಲ್ಲಿ ಒಮ್ಮೆ ಉಳಿಸಿಡಬೇಕು. ತಿದ್ದುಪಡಿಯೆಲ್ಲ ಅದರಲ್ಲಿ ಜೀವಂತ ಇರುತ್ತದೆ, ಮುಂದಿನ ಕೆಲಸ ಹಗುರವಾದ ಪ್ರತಿಯಲ್ಲಿ ನಡೆಯುತ್ತದೆ. ಬದಲಾವಣೆ ಬಂದರೆ ಹಳೆಯದನ್ನು ತೆರೆದು ಆ ಒಂದು ಸಾಲು ಹೊಸದಾಗಿ ಬರೆದು ತಂದರಾಯಿತು. 60 ಎಂಬಿಯ ಫೈಲು ಒಂದು ಸಲ ಉಳಿದರೆ ಯಾರಿಗೂ ಕಷ್ಟವಿಲ್ಲ, ಅದು ಮಿಕ್ಸಿಂಗ್ ಮುಗಿಯುವ ತನಕ ದಿನಕ್ಕೆ ಹತ್ತಾರು ಸಲ ಉಳಿಯುತ್ತ ಹೋಗುವುದೇ ಕಷ್ಟ. ಇನ್ನೂ ಒಂದು ಮಾತು: ಕೊನೆಯ ಗಳಿಗೆಯವರೆಗೆ ಬದಲಾಯಿಸಬಹುದು ಎಂಬ ಭರವಸೆ ಕೇಳುವ ಕಿವಿಯನ್ನೂ ಸಡಿಲ ಮಾಡುತ್ತದೆ. ಇವತ್ತು ಸರಿ ಎನಿಸಿದ ಪಂಚಮ ನಾಳೆ ತಪ್ಪೆನಿಸುತ್ತದೆ, ನಾಡಿದ್ದು ಮತ್ತೆ ಸರಿ. ಇದನ್ನು ನಾನು ಲೆಕ್ಕದಿಂದ ಸಾಬೀತು ಮಾಡಲಾರೆ, ಆದರೆ ಟೇಪಿನ ಕಾಲದ ಹಾಡುಗಳು ನಿರ್ಧಾರ ಮಾಡಿ ಮುಂದೆ ಹೋದವರ ಕೈಯಿಂದಲೇ ಬಂದವು.

ಉಳಿಸಿಡುವುದೇ ಉದ್ದೇಶವಾದರೆ ಪ್ಲಗಿನ್ನಿನ ಸ್ಥಿತಿಗಿಂತ ವೇವ್ ಫೈಲನ್ನೇ ನಂಬಬೇಕು. ಮೈಕ್ರೋಸಾಫ್ಟ್ ಮತ್ತು ಐಬಿಎಂ ಕಂಪನಿಗಳು 1991ರಲ್ಲಿ ತಂದ ವೇವ್ ಇವತ್ತಿಗೂ ಯಾವ ಕಂಪ್ಯೂಟರಿನಲ್ಲೂ ತೆರೆದುಕೊಳ್ಳುತ್ತದೆ. ಪ್ಲಗಿನ್ನುಗಳಿಗೆ ಆ ಆಯುಸ್ಸಿಲ್ಲ. 2019ರಲ್ಲಿ ಆಪಲ್ ತನ್ನ ಮ್ಯಾಕ್‌ಗಳಲ್ಲಿ 32 ಬಿಟ್ ತಂತ್ರಾಂಶಗಳಿಗೆ ಬಾಗಿಲು ಮುಚ್ಚಿದಾಗ ಅಂಥ ಹಳೆಯ ಪ್ಲಗಿನ್ನುಗಳು ಹೊಸ ವ್ಯವಸ್ಥೆಯಲ್ಲಿ ತೆರೆಯಲೇ ಇಲ್ಲ. ಮರುವರ್ಷ ಚಿಪ್ಪೇ ಬದಲಾಯಿತು. ಲೈಸೆನ್ಸ್ ಮುಗಿದಿರಬಹುದು, ಆವೃತ್ತಿ ಹೊಂದದಿರಬಹುದು. ಶ್ರುತಿಯನ್ನು ಪ್ಲಗಿನ್ನಿನೊಳಗಷ್ಟೇ ತಿದ್ದಿಟ್ಟ ಹಾಡನ್ನು ಹತ್ತು ವರ್ಷದ ನಂತರ ತೆರೆದರೆ ಕೇಳಿಬರುವುದು ತಿದ್ದದ ದನಿ. ಜಾಗ ಉಳಿಸಬೇಕೆಂದಿದ್ದರೆ ಹಳೆಯ ಟೇಕುಗಳನ್ನು ಫ್ಲಾಕ್‌ಗೆ ಬದಲಾಯಿಸಿಡಬಹುದು, ಅದರಲ್ಲಿ ಗುಣಮಟ್ಟದ ಒಂದಂಶವೂ ಕಳೆಯುವುದಿಲ್ಲ. ಎಂಪಿ3 ಮಾತ್ರ ಬೇಡ.

ತಿದ್ದುವುದೇ ಬೇಡ, ಸರಿಯಾಗಿ ಹಾಡಲಿ ಎನ್ನುವವರೂ ಇದ್ದಾರೆ. ಅವರ ಮಾತನ್ನು ಮಡಿವಂತಿಕೆಯ ಹಟವೆಂದು ತಳ್ಳಿಹಾಕಬೇಕಿಲ್ಲ. ಅರ್ಧ ಸತ್ಯ ಅವರ ಕಡೆಗಿದೆ. ಗಾಯಕರು ಇನ್ನೂ ಮೈಕಿನ ಮುಂದಿರುವಾಗ ಜಾರಿದ ಒಂದು ಸಾಲನ್ನು ಮತ್ತೆ ಹಾಡಿಸಿದರೆ ಖರ್ಚಾಗುವುದು ಹತ್ತು ಸೆಕೆಂಡಿನ 1.44 ಎಂಬಿ. ಅವರು ಮನೆಗೆ ಹೋದ ಮೇಲೆ ಅದೇ ಸಾಲನ್ನು ತಿದ್ದಲು ಬೇಕಾಗುವುದು ಪ್ಲಗಿನ್ನು, ವಿಶ್ಲೇಷಣೆ, ಅರ್ಧ ಗಂಟೆ, ಮತ್ತು ಕೊನೆಗೂ ಸಹಜವಲ್ಲ ಎಂಬ ಅನುಮಾನ. ಆದರೆ ಇನ್ನರ್ಧ ಸತ್ಯ ಬೇರೆ ಕಡೆಗಿದೆ. ಜೀವ ತುಂಬಿ ಹಾಡಿದ ಟೇಕಿನಲ್ಲಿ ಒಂದೇ ಒಂದು ಸ್ವರ ಕೆಳಗಿದ್ದರೆ ಆ ಟೇಕನ್ನು ಬಿಟ್ಟು, ಶ್ರುತಿಶುದ್ಧವಾದ ನಿರ್ಜೀವ ಟೇಕನ್ನು ಆರಿಸುವುದು ಯಾವ ಧರ್ಮ?

ಕೊನೆಗೆ ಉಳಿಯುವುದು ಕಸ ಗುಡಿಸುವ ಕೆಲಸ, ಅದರಲ್ಲಿ ಅವಸರ ಸಲ್ಲದು. ಬಳಸದ ಫೈಲುಗಳನ್ನು ಅಳಿಸುವ ಸೌಲಭ್ಯ ರೀಪರ್, ಕ್ಯೂಬೇಸ್, ಲಾಜಿಕ್ ಎಲ್ಲದರಲ್ಲೂ ಇದೆ. ಆದರೆ ‘ಬಳಸದ್ದು’ ಎನ್ನುವಾಗ ಅವು ಸಾಮಾನ್ಯವಾಗಿ ನೋಡುವುದು ತೆರೆದಿರುವ ಪ್ರಾಜೆಕ್ಟನ್ನು ಮಾತ್ರ. ಅದೇ ಫೋಲ್ಡರಿನಲ್ಲಿ ನೀವು ಜೋಪಾನವಾಗಿ ಎತ್ತಿಟ್ಟ ಹಳೆಯ ಪ್ರತಿಗೆ ಆ ಫೈಲುಗಳೇ ಆಧಾರವಾಗಿರಬಹುದು. ಆದ್ದರಿಂದ ಮೊದಲು ಇಡೀ ಫೋಲ್ಡರನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ತಿದ್ದಿದ ಹೊಸ ಫೈಲುಗಳನ್ನು ಮೊದಲಿನಿಂದ ಕೊನೆವರೆಗೆ ಒಮ್ಮೆ ಕೇಳಿ, ಆಮೇಲೆ ಅಳಿಸಿ. ಹಾಗೆಯೇ ಮಿಕ್ಸಿಂಗಿಗೆ ಬೇರೆಯವರಿಗೆ ಕಳಿಸುವಾಗ ಪ್ರಾಜೆಕ್ಟನ್ನಲ್ಲ, ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಶುರುವಾಗುವ, 24 ಬಿಟ್‌ನ ಮೋನೋ ಫೈಲುಗಳನ್ನು ಕಳಿಸಿ: ಶ್ರುತಿ ತಿದ್ದಿದ ದನಿಗಳು, ಜೊತೆಗೆ ಮುಖ್ಯ ದನಿಯ ತಿದ್ದದ ಪ್ರತಿ ಒಂದು. ನಾಲ್ಕು ನಿಮಿಷದ ಹಾಡಿಗೆ ಇಂಥ ಎಂಟು ಫೈಲುಗಳ ಒಟ್ಟು ಗಾತ್ರ 276.48 ಎಂಬಿ, ಮತ್ತು ಅವನ್ನು ತೆರೆಯಲು ಆ ಕಡೆಯವರ ಬಳಿ ಶ್ರುತಿ ತಿದ್ದುವ ಯಾವ ತಂತ್ರಾಂಶವೂ ಇರಬೇಕಿಲ್ಲ.